ಡೈರೆಕ್ಟ್ ಮಾಡಿದಾಕಿ

ಮೊನ್ನೆ ಶೇಂಗಾ ಹಿಂಡಿ ಮಾಡಾಕ ಮಿಕ್ಸರ್ ಹಚ್ಚಿದ್ದೆ. ಗರ್ರ್ ಅಂದು ನಿಂತೇಬಿಡ್ತು. ಬಟನ್ ಕಡೆಯಿಂದ ಸುಟ್ಟ ವಾಸನಿ ಬಂತು. ಪ್ಲಾಸ್ಟಿಕ್ ಕರಗಿದಾಗ ಬರ್ತದಲ್ಲ, ಮೂಗಿನಾಗ ಹೊಕ್ಕು ಗಂಟಲಿಗೆ ಹತ್ತೋ ಅಂಥಾದ್ದು. ಕಲಬುರಗಿ ಖೂಬಾ ಪ್ಲಾಟಿನ ನಮ್ಮ ಓಣಿ ತುದಿಗೆ ಒಂದು ರಿಪೇರಿ ಅಂಗಡಿ ಅದ, ಅಲ್ಲಿಗೆ ಒಯ್ದೆ. ಆ ಪುಣ್ಯಾತ್ಮ ತಿರುಗಿಸಿ ಮುರುಗಿಸಿ ನೋಡಿ, “ಬಟನ್ ಹೋಗ್ಯಾದ್ರೀ ಅಕ್ಕಾರ. ಡೈರೆಕ್ಟ್ ಮಾಡಿ ಕೊಡ್ಲೇನು?” ಅಂದ.

“ಬ್ಯಾಡ!” ಅಂತ ಒದರಿಬಿಟ್ಟೆ. ಬಾಜೂಕ ನಿಂತವರು ಹೊಳ್ಳಿ ನೋಡಿದ್ರು. ಹೊಸಾ ಬಟನ್ ಹಾಕಪಾ, ಎಷ್ಟರ ಆಗ್ಲಿ ಅಂತ ಹೇಳಿ ಮನಿಗೆ ಬಂದೆ. ಬಂದು ಕೂತ್ರೂ ಆ ವಾಸನಿ ಮೂಗಿನಿಂದ ಹೋಗವಲ್ದು...

ಡೈರೆಕ್ಟ್ ಅಂದ್ರ ನಮ್ಮ ಕಡೆ, ಬಟನ್ ಕಿತ್ತೊಗೆದು ಎರಡೂ ವೈರ್ ಸೀದಾ ಕೂಡಿಸಿಬಿಡೋದು. ಪ್ಲಗ್ ಹಚ್ಚಿದ್ರ ಚಾಲೂ, ಕಿತ್ತಿದ್ರ ಬಂದ್. ಇದ್ರಾಗ ಸಿಟ್ಟಿಗೇಳೋ ಅಂಥಾದ್ದೇನದ ಅಂತ ನೀವು ಕೇಳಬಹುದು. ಆ ಶಬ್ದಾನ ನನ್ನ ಮನಿತನಕ ತಂದಾಕಿ ಒಬ್ಬಾಕಿ ಇದ್ದಳು. ಕಮಲಾಪುರದಾಕಿ. ನನ್ನ ತಮ್ಮ ಆಕಿಗೆ ‘ಆಪಾ’ ಅಂತಿದ್ದ. ಆಪಾ ಅಂದ್ರೇನು ಗೊತ್ತದಲ್ಲ? ಅಕ್ಕ. ಅಂದ್ರ ನಾನು.

ಅವ್ವ ತೀರಿಕೊಂಡಾಗ ತಮ್ಮ ಇನ್ನೂ ಚಡ್ಡಿ ಹಾಕೊಳ್ಳೋ ವಯಸ್ಸಿನಾಂವ. ಅಪ್ಪ ಅದಕ್ಕಿಂತ ಮೊದಲ ಹೋಗಿದ್ದ. ಅವನ್ನ ಸಾಲಿಗೆ ಕಳಿಸಿದಾಕಿ ನಾ, ಜ್ವರ ಬಂದ್ರ ಹಣಿಮ್ಯಾಲ ಹಸಿ ಅರಿವಿ ಹಾಕಿದಾಕಿ ನಾ. ನನ್ನ ಮದಿವಿ ಮಾತು ಎರಡು ಸಲ ಬಂತು, ಬಂದ ದಾರಿ ಹಿಡಿದು ಹೋತು. ಅದು ಬ್ಯಾರೆ ಕಥಿ, ಇರ್ಲಿ ಬಿಡ್ರಿ. ಹೇಳೋದೇನಂದ್ರ, ‘ಅಕ್ಕ’ ಅನ್ನೋ ಶಬ್ದ ನನಗ ಪುಕ್ಕಟ ಬಂದದ್ದಲ್ಲ. ಮುಂದ ಅವಗ ಹೆಂಡ್ತಿ ಬಂದಾಗೂ ನನಗ ಹೊಟ್ಟೆಕಿಚ್ಚು ಬರಲಿಲ್ಲ. ಹೆಂಡ್ತಿಗೆ ಯಾರೂ ಅಕ್ಕ ಅನ್ನಂಗಿಲ್ಲಲ್ಲ.

ಓದು ಮುಗಿಸಿ ಕಮಲಾಪುರದ ದವಾಖಾನಿಯಾಗ ಲ್ಯಾಬ್ ಕೆಲಸಕ್ಕ ಸೇರಿದ. ಮುಂಜಾನೆ ಬಸ್ಸಿಗೆ ಹೋಗಿ ಸಂಜಿಗೆ ಬರೋದು. ಮೊದಲನೇ ಪಗಾರದಾಗ ನನಗೊಂದು ಸೀರಿ ತಂದ, ತನಗೊಂದು ರಿಮೋಟ್ ಗಾಡಿ ತಂದ. ಮೊಳದುದ್ದದ ಕಾರು, ಒಳಗ ಬ್ಯಾಟರಿ, ಮೋಟಾರು. “ಇದೇನೋ, ಈ ವಯಸ್ಸಿನಾಗ ಆಟಗಿ ಸಾಮಾನು?” ಅಂದೆ. “ಆಟಗಿ ಅಲ್ಲ ಅಕ್ಕ, ರೇಸಿನ ಗಾಡಿ. ಊರಾಗ ಇನ್ನೂ ನಾಕೈದು ಮಂದಿ ಹತ್ರ ಅವ. ಓಡಿಸಾಕ ಜಾಗಾ ಇಲ್ಲ ನೋಡು” ಅಂದ. ಜಾಗಾ ಕೊಡಿಸಿದಾಕಿ ನಾನ. ನಂದೂರಿನ ಒಂದು ದಾಲ್ ಮಿಲ್ಲಿನಾಗ ನಾ ಲೆಕ್ಕ ನೋಡ್ತಿದ್ದೆ. ಹಿಂದ ತೊಗರಿ ಒಣಗಿಸೋ ಸಿಮೆಂಟಿನ ಕಣ ಇತ್ತು, ಅಂಗೈಯಂಗ ಸಪಾಟ. ಸಾಹುಕಾರ್ರಿಗೆ ನಾಕು ಸಲ ಹೇಳಿ, ಐತವಾರಕ್ಕೊಮ್ಮೆ ಆಡಾಕ ಪರವಾನಗಿ ತಗೊಂಡೆ.

ಆ ಗಾಡಿ ಹೊಟ್ಟಿ ಬಾಜೂಕ ಒಂದು ಕರೀ ಬಟನ್ ಇತ್ತು. ಉಗುರಿನಷ್ಟು. ಒತ್ತೋದಲ್ಲ, ಸರಿಸೋದು. ಗಾಡಿದು ಮೋಟಾರೂ ಗಟ್ಟಿ, ಗಾಲೀನೂ ಗಟ್ಟಿ, ಕೈಕೊಡೋದು ಆ ಬಟನ್ ಒಂದ. ತೊಗರಿ ಹೊಟ್ಟು, ಧೂಳು ಒಳಗ ಹೊಕ್ಕು, ಒಮ್ಮೆ ಹತ್ತೋದು, ಒಮ್ಮೆ ಹತ್ತವಲ್ದು. ಹತ್ತಿದ್ರೂ ಭರೋಸ ಇಲ್ಲ. ಗಾಡಿ ಎಲ್ಲ್ಯರೆ ಜಿಗೀತು ಅಂದ್ರ ಬಟನ್ ತಾನ ಜಾರಿ, ನಟ್ಟನಡುವ ಗಾಡಿ ಜೀವಾ ಬಿಟ್ಟು ನಿಂದರೋದು. ತಮ್ಮ ರಿಮೋಟ್ ಎಷ್ಟು ತಿರುವಿದ್ರೇನು, ಸತ್ತ ಗಾಡಿಗೆ ಕಿವಿ ಎಲ್ಲಿಂದ ಬರಬೇಕು.

ಒಂದ್ ದಿನ ಅವ ಸರಿಸಿ ಸರಿಸಿ ಬೇಸತ್ತು ಕೂತಾಗ ನಾ ಹೋಗಿ ಉಗುರಿಲೆ ಸರಿಸಿ, ಒಂದು ಚೂರು ಬಲಕ್ಕ ಒತ್ತಿದೆ. ಹತ್ತಿತು. ಆವತ್ತು ಪೂರಾ ನಿಲ್ಲಲಿಲ್ಲ. ಮುಂದಿನ ಐತವಾರನೂ ಹಂಗ. “ಅಕ್ಕ, ನಿನ್ನ ಕೈಗುಣ!” ಅಂತ ಕುಣಿದಾಡಿದ. ಆಮ್ಯಾಲ ಅದೇ ಪದ್ಧತಿ ಆತು. ಎಲ್ಲಾರೂ ಗಾಡಿ ಗೆರಿಮ್ಯಾಲ ಇಟ್ಟು ನಿಂತ್ರ, ನಮ್ಮಾಂವ “ತಡೀರೋ, ನಮ್ಮ ಅಕ್ಕ ಬರ್ಲಿ” ಅಂತಿದ್ದ. ನಾ ಸೆರಗು ಸಿಗಿಸಿಕೊಂಡು, ಗಂಡಸರ ನಡುವ ಠೀವಿಲೆ ನಡೆದುಹೋಗಿ, ಬಗ್ಗಿ ಬಟನ್ ಸರಿಸಿ ಬರ್ತಿದ್ದೆ. ಗುಡಿಯಾಗ ದೀಪಾ ಹಚ್ಚಿದಷ್ಟು ಸಮಾಧಾನ ಆಗ್ತಿತ್ತು. ಕೈಗುಣ ಇದ್ದಾಗೂ ಸೋಲ್ತಿದ್ದಿವಿ, ಆ ಮಾತು ಬ್ಯಾರೆ. ಸೋತಾಗೆಲ್ಲ ನಾ ಮಂದಿ ಕೂಡ ಜಗಳ ತೆಗೀತಿದ್ದೆ. ಅವರ ಗಾಡಿ ಅಡ್ಡ ಬಂತು, ಗೆರಿ ದಾಟಿದ್ರು, ಅಂತ. ಕುಣೀಲಾರದಾಕಿ ನೆಲ ಡೊಂಕು ಅಂದಳಂತ, ಅನ್ನೋರು ಅಂದ್ಕೊಳ್ಲಿ.

ಅಂಥಾದ್ರಾಗ ಒಂದ್ ದಿನ ಸಂಜಿಕ ಕಮಲಾಪುರದಿಂದ ಬಂದಾಂವ, ಚೀಲಾನೂ ಕೆಳಗಿಡದ, “ಅಕ್ಕ, ಒಬ್ಬಾಕಿ ಹೆಣ್ಮಗಳು ಗಾಡಿ ಓಡಸ್ತಾಳ!” ಅಂದ. ಸಂತಿ ಇಲ್ಲದ ದಿನ ಸಂತಿ ಬಯಲಿನಾಗ ರಿಮೋಟ್ ಹಿಡಕೊಂಡು ನಿಂತಿದ್ದಳಂತ. ಟೇಲರಿಂಗ್ ಅಂಗಡಿ ಆಕಿದು. ಗಂಡ ಸೌದಿಯಾಗ ಡ್ರೈವರ್, ಮಗಗಂತ ಗಾಡಿ ಕಳಿಸಿದ್ದ. ಮಗ ಮೊಬೈಲ್ ಹಿಡದ, ಅವ್ವ ಗಾಡಿ ಹಿಡದಳು. “ಏನ್ ಕೈ ಅಕ್ಕ ಆಕಿದು, ಏನ್ ಕೈ!” ಅಂತ ಉಣ್ಣೂತನಕ ಅದ ಹಾಡು. ನಾ ಸಾರಿಗೆ ಎರಡನೇ ಸಲ ಉಪ್ಪು ಹಾಕಿದೆ, ಅದೂ ಅವಗ ತಿಳೀಲಿಲ್ಲ.

ಮುಂದಿನ ಐತವಾರ ಆಕಿ ನಂದೂರಿಗೇ ಬಂದಳು. ದಪ್ಪ ಹೆಣ್ಮಗಳು, ಬುರ್ಖಾದ ತೋಳು ಮೊಣಕೈತನಕ ಏರಿಸಿದ್ದಳು, ಬಾಯಿತುಂಬ ಪಾನ್, ನಕ್ಕರ ಕಣದ ಆಚೀಕ ಕೇಳಬೇಕು. “ಸಲಾಮ್ ಅಕ್ಕಾ! ಭಾಯ್ ದಿನಾ ನಿಮ್ದೇ ಮಾತ್ ಹೇಳ್ತಾರ ನೋಡ್ರಿ” ಅಂದಳು. ನನಗಿಂತ ನಾಕು ವರ್ಷ ದೊಡ್ಡಾಕಿ ಇರಬೇಕು, ನನಗ ಅಕ್ಕಾ ಅಂತಾಳ! ನಾ ಹೂಂ ಅಂದೆ, ಅಷ್ಟ. ಆಟ ಶುರು ಆತು, ಗಾಡಿ ಚಾಲೂ ಮಾಡಿ ಬಂದೆ. ಎರಡು ಸುತ್ತು ಛಲೋ ಓಡ್ತು. ಮೂರನೇ ಸುತ್ತಿನಾಗ ಆಕಿ ಕಣ್ಣಮುಂದೇ, ನನ್ನ ಗ್ರಹಚಾರ, ಗಾಡಿ ಟಕ್ ಅಂತ ನಿಂತುಬಿಡ್ತು.

ಆಕಿ ಹೋಗಿ ಗಾಡಿ ಎತ್ತಿಕೊಂಡು ಬಂದು ತೊಡಿಮ್ಯಾಲ ಮಲಗಿಸಿಕೊಂಡಳು. “ಭಾಯ್, ರೇಸಿನಾಗ ಈ ಬಟನ್‌ಕ್ಕ ಏನ್ ಕೆಲಸ? ಚಾಲೂ ಮಾಡಾಕ ಒಮ್ಮೆ, ಬಂದ್ ಮಾಡಾಕ ಒಮ್ಮೆ. ನಡುವ ಬರೇ ಧೋಕಾ. ನಕ್ಕೋ, ಬ್ಯಾಡ ಇದು. ಡೈರೆಕ್ಟ್ ಮಾಡು!” ಅಂದಳು. “ನಮ್ಮ ಅಕ್ಕನ ಕೈಗುಣಕ್ಕ ಹತ್ತತದರೀ” ಅಂತ ತಮ್ಮ ಮೆಲ್ಲಕ ಅಂದ. ಆಕಿ ನನ್ನ ಕಡೆ ನೋಡಿ ನಕ್ಕು, “ಅಕ್ಕನ ಕೈಗುಣ ಅಡಿಗಿಗೆ ಇರ್ಲಿ” ಅಂದು, ಹೊಲಿಗಿ ಸಾಮಾನಿನ ಪಿಶವಿಯಿಂದ ಕತ್ರಿ ತೆಗೆದು ಕಟ್ ಕಟ್ ಅಂತ ಎರಡೂ ವೈರ್ ಕತ್ತರಿಸಿಬಿಟ್ಟಳು. ಸಣ್ಣ ಬಟನ್ ನನ್ನ ಕಾಲಾಗ ಬಂದು ಬಿತ್ತು.

ಮೈಯೆಲ್ಲ ಉರೀತು. ಯಾರರೆ ಒಬ್ರು ‘ಅಕ್ಕನ್ನ ಒಂದ್ ಮಾತು ಕೇಳೋಣು’ ಅಂತ ಅಂದ್ರೇನು? ವೈರ್ ಕೂಡಿಸಿ ಪಟ್ಟಿ ಸುತ್ತಿದಳು, ಬ್ಯಾಟರಿ ಪ್ಲಗ್ ಹಚ್ಚಿದಳು, ಗಾಡಿ ಬಿಟ್ಟಳು. ನಿಲ್ಲಲಿಲ್ಲ ನೋಡ್ರಿ. ಸಂಜಿತನಕ ಒಮ್ಮೆನೂ ನಿಲ್ಲಲಿಲ್ಲ. ತಮ್ಮ ಅವತ್ತು ಮೊದಲನೇ ಸಲ “ಆಪಾ” ಅಂದ. ಮನಿಗೆ ಬಂದು ಕನ್ನಡಿ ಮುಂದ ನಿಂತು ‘ಆಪಾ’ ಅಂತ ನಾನೂ ಅಂದು ನೋಡಿದೆ. ‘ಅಕ್ಕ’ ಅನ್ನಾಕಿಂತ ಬಾಯಿಗೆ ಮೆತ್ತಗ ಬರ್ತದ, ಸುಡುಗಾಡು.

ಅಲ್ಲಿಂದ ಮುಂದ ಐತವಾರ ಅಂದ್ರ ನನಗ ಬರೇ ಚಾ ಕಾಸೋ ಕೆಲಸ. ಆಪಾ ಗಾಲಿ ಬದಲಿಸು ಅಂದಳು, ಆಪಾ ತಿರುವಿನಾಗ ನಿಧಾನ ಮಾಡು ಅಂದಳು, ಆಪಾ ಈ ಸಲ ಪಾಯಿಜಾಮ ಹೊಲಿದು ಕೊಡ್ತಾಳಂತ... ಕಮಲಾಪುರದಿಂದ ಬರುವಾಗ ಕೈಯಾಗ ಆಕಿ ಕೊಟ್ಟ ಕೆಂಪು ಬಾಳಿಹಣ್ಣು. ನಾ ಮುಟ್ಟತಿರಲಿಲ್ಲ. ಒಂದ್ ದಿನ ಮನ್ಯಾಗ ಯಾರೂ ಇಲ್ಲದಾಗ ಒಂದು ತಿಂದೆ. ಭಾಳ ಛಲೋ ಇತ್ತು. ಅದಕ್ಕೂ ಸಿಟ್ಟು ಬಂತು.

ಒಂದು ಮಳಿಗಾಲ ಮುಗಿದು, ಹೊಸಾ ತೊಗರಿ ಬರೂದ್ರಾಗ ಕಣ ಖಾಲಿ ಇತ್ತು. ಬೀದರ, ಸೊಲ್ಲಾಪುರ ಕಡೆಯಿಂದ ಗಾಡಿ ಇದ್ದವರೆಲ್ಲ ಬಂದಿದ್ರು. ದೊಡ್ಡ ಆಟ. ತಮ್ಮ ಪೇರಿಸಿಟ್ಟ ಚೀಲದ ನಿಟ್ಟಿನ ಮ್ಯಾಲ ಹತ್ತಿ ರಿಮೋಟ್ ಹಿಡಿದಿದ್ದ. ಗಾಡಿ ಹಿಡಿಯಾಕ ಕೆಳಗ ಗೋಡಿ ಮರಿಗೆ ಆಪಾ. ನಾ ಚಾದ ಕಿಟ್ಲಿ ಹತ್ರ. ಆವತ್ತು ನನ್ನ ತಮ್ಮ ಗೆದ್ದ. ಅಷ್ಟು ದಿನ ನನ್ನ ಕೈಗುಣ ಹಚ್ಚಿ ಒಮ್ಮೆನೂ ಗೆಲ್ಲದಾಂವ, ಅದ ಕಣದಾಗ, ಬಟನ್ ಇಲ್ಲದ ಗಾಡಿಲೆ ಗೆದ್ದ. ಎಲ್ಲಾರೂ ಚಪ್ಪಾಳಿ ಹೊಡದ್ರು. ನಾನೂ ಹೊಡದೆ. ಅಂಗೈ ಹೊಡಕೊಂತಿದ್ವು, ಹೊಟ್ಟ್ಯಾಗ ಬೆಂಕಿ.

ಈಗ ನಮ್ಮ ಕಲಬುರಗಿ ಮಾತಿನ ಒಂದು ಫಜೀತಿ ಹೇಳಬೇಕು. ಗಾಡಿ ಹತ್ರ ಬಂದಿದ್ರ ನಾವು ‘ಬಂದದ’ ಅಂತೀವಿ. ಗಾಡಿ ಆರಿಸಿ ಇಟ್ಟಿದ್ರ ‘ಬಂದ್ ಅದ’ ಅಂತೀವಿ. ಬರೆದ್ರ ಬ್ಯಾರೆ ಬ್ಯಾರೆ, ಒದರಿದ್ರ ಎರಡೂ ಒಂದ. ಇನ್ನ ಆ ಗಾಡಿಗಳದ್ದೊಂದು ಕಾಯ್ದೆ ಇತ್ತು. ಮೊದಲ ಗಾಡಿ ಬಂದ್ ಮಾಡಬೇಕು, ಆಮ್ಯಾಲ ರಿಮೋಟ್. ಹಿಂದುಮುಂದಾಗಿ ರಿಮೋಟ್ ಮೊದಲ ಆರಿದ್ರ ಆ ಕಾಲದ ಗಾಡಿಗೆ ಹೇಳೋರಿಲ್ಲ ಕೇಳೋರಿಲ್ಲ, ಹುಚ್ಚು ಹಿಡಿದಂಗ ಓಡತಿತ್ತು.

ಆಟ ಮುಗಿದು ಗಾಡಿ ಗೋಡಿ ಮರಿಗೆ ಹೋತು. ತಮ್ಮಗ ಕಾಣ್ತಿರಲಿಲ್ಲ. ಆಪಾ ಗಾಡಿ ಹಿಡಿದು, ಪ್ಲಗ್ ಕೀಳಾಕ ಕೈಬಳ್ಳು ಒಳಗ ಹಾಕಿ, ಖುಷೀಲೆ “ಬಂದದ ಭಾಯ್, ಬಂದದ!” ಅಂತ ಒದರಿದಳು. ಗಾಡಿ ತನ್ನ ಹತ್ರ ಬಂತು ಅಂತ ಆಕಿ ಅರ್ಥ. ಗಾಡಿ ಬಂದ್ ಅದ ಅಂತ ತಮ್ಮ ಕೇಳಿಸಿಕೊಂಡ, ರಿಮೋಟ್ ಆರಿಸಿಬಿಟ್ಟ. ಗಾಡಿ ಗರ್ರ್ ಅಂತ ಆಕಿ ಕೈಯಾಗೇ ಎದ್ದು, ಆಕಿ ಬಳ್ಳು ಹಲ್ಲಿನ ಗಾಲಿಗೆ ಸಿಕ್ಕಿತು. ಗಾಡಿ ಚಿಮ್ಮಿ ಹೋಗಿ ಗೋಡಿಗೆ ಬಡಿದು ಚೂರಾತು. “ಯಾ ಅಲ್ಲಾ!” ಅಂತ ಆಕಿ ಕುಂತುಬಿಟ್ಟಳು. ಸಿಮೆಂಟಿನ ಮ್ಯಾಲ ರಕ್ತ.

ನಾ ಓಡಿದೆ. ಓಡುವಾಗ ಮನಸ್ಸಿನಾಗ ಏನಿತ್ತು ಅಂದ್ರ, ಈಗ ತಿಳೀತದ ಇವಗ, ಈಗ! “ಬಟನ್ ಇದ್ದಿದ್ರ ಇದು ಆಗ್ತಿತ್ತೇನು? ಉಗುರಿಲೆ ಸರಿಸಿ ಮುಗಿಸ್ತಿದ್ದಿಲ್ಲೇನು? ಡೈರೆಕ್ಟ್ ಅಂತ ಡೈರೆಕ್ಟ್!” ಅಂತ ಎಲ್ಲಾರ ಮುಂದ ಕೂಗಿದೆ. ನಾ ಅಂದದ್ದು ಖರೇನ ಇತ್ತು, ಇವತ್ತಿಗೂ ಖರೇನ. ತಮ್ಮ ನನ್ನ ಕಡೆ ನೋಡಲಿಲ್ಲ. ನಿಟ್ಟಿನ ಮ್ಯಾಲಿಂದ ಜಿಗಿದು ಬಂದು ಆಕಿ ಮುಂದ ಕುಂತು, ಕಿಸೆದಾಗಿನ ಕರವಸ್ತ್ರ ತೆಗೆದು ಆಕಿ ಕೈಬಳ್ಳಿಗೆ ಕಟ್ಟಿದ. ಮುಂಜಾನೆ ನಾನ ಇಸ್ತ್ರಿ ಮಾಡಿ ಕೊಟ್ಟ ಕರವಸ್ತ್ರ.

ಆಪಾ ಏನ್ ಮಾಡಿದಳು ಗೊತ್ತೇನು? ನೋವಿನಾಗೂ ನನ್ನ ಕಡೆ ಮಾರಿ ಎತ್ತಿ, “ಅಕ್ಕಾ ಅಂದದ್ದು ಬಿಲ್ಕುಲ್ ಖರೆ ಅದ ಭಾಯ್. ಬಟನ್ ಬೇಕಾಗಿತ್ತು. ನಂದೇ ತಪ್ಪು” ಅಂದು ನಕ್ಕಳು. ಜಗಳ ಆಡೋ ಸುಖಾನೂ ಕೊಡಲಿಲ್ಲ ಆ ಹೆಣ್ಮಗಳು. ನಾ ಗೆದ್ದ ಒಂದ ಒಂದು ಮಾತು, ಅದನ್ನೂ ತನ್ನ ಬಾಯಿಲೆ ಅಂದು ತಾನ ದೊಡ್ಡಾಕಿ ಆಗಿಬಿಟ್ಟಳು.

ಬಳ್ಳು ಮಾಯ್ದ ಮ್ಯಾಲ ತಮ್ಮನ ಗಾಡಿ ಮತ್ತ ಜೋಡಿಸಿ, ಗಟ್ಟಿ ಬಟನ್ ತರಿಸಿ, ತಾನ ಹಾಕಿದಳು. ಊದೋ ರಬ್ಬರ್ ಫುಗ್ಗಾದ ಬಾಯಿ ಕತ್ತರಿಸಿ ಅದಕ್ಕ ಟೊಪಗಿಯಂಗ ತೊಡಿಸಿದಳು. ಹೊಟ್ಟು ಇಲ್ಲ, ಧೂಳಿಲ್ಲ, ಜಾರೋದಿಲ್ಲ. ಯಾರ ಸರಿಸಿದ್ರೂ ಹತ್ತತಿತ್ತು. ಯಾರ ಸರಿಸಿದ್ರೂ! “ಅಕ್ಕಾ, ನೋಡ್ರಿ, ನೀವ್ ಅಂದಂಗ ಬಟನ್ ಹಾಕೀನಿ” ಅಂತ ತೋರಿಸಾಕ ಬಂದಳು. ನಾ ಹಿಡಿದ ಕೆಲಸ ಬಿಟ್ಟು ಕಿಟ್ಲಿ ತೊಳಿಯಾಕ ಹೋದೆ.

ತಮ್ಮನ ಮದಿವ್ಯಾಗ ಕಳಸ ಹಿಡಿದಾಕಿ ನಾ. ಅಷ್ಟರ ಮಟ್ಟಿಗೆ ಯಾರೂ ನನ್ನ ಜಾಗಾಕ್ಕ ಬರಲಿಲ್ಲ. ಶೇರವಾನಿ ಹೊಲಿದಾಕಿ ಮಾತ್ರ ಆಕಿ. ಬಂದವರೆಲ್ಲ “ಶೇರವಾನಿ ಎಲ್ಲಿ ಹೊಲಿಸಿದ್ರಿ, ಏನ್ ಛಂದ ಕೂತದ!” ಅಂತ ಕೇಳಾವ್ರ. ಕಳಸ ಎಲ್ಲಿ ತಂದ್ರಿ ಅಂತ ಒಬ್ಬ ಪುಣ್ಯಾತ್ಮ ಕೇಳಲಿಲ್ಲ.

ಹೋದ ವರ್ಷ ಬ್ಯಾಸಗಿಯೊಳಗ ಆಕಿ ಹೋದಳು. ಜ್ವರ ಅಂದ್ರು, ಆಮ್ಯಾಲ ಕಿಡ್ನಿ ಅಂದ್ರು... ಲ್ಯಾಬಿನಾಗ ಆಕಿ ರಕ್ತ ನೋಡಿದಾಂವ ನನ್ನ ತಮ್ಮನ ಅಂತ. ಫೋನ್ ಮಾಡಿ “ಅಕ್ಕ, ಆಪಾ...” ಅಂದು ಫೋನ್ ಇಟ್ಟುಬಿಟ್ಟ. ನನ್ನ ಕಾಲು ತಾವ ಬಸ್ ಸ್ಟ್ಯಾಂಡಿಗೆ ನಡೆದ್ವು. ಕಮಲಾಪುರಕ್ಕ ಹೋಗಿ ಇಳಿದೆ, ಅಂಗಡಿ ಬಾಗಿಲಿಗೆ ಬೀಗ, ಒಳಗ ಮನಿತುಂಬ ಹೆಂಗಸರು. ಗಂಡಸರು ಮಣ್ಣು ಕೊಡಾಕ ಹೊಂಟಿದ್ರು, ತಮ್ಮ ತಲಿಗೆ ಕರವಸ್ತ್ರ ಕಟಗೊಂಡು ಅವರ ನಡುವ ಹೆಗಲು ಕೊಟ್ಟಿದ್ದ. ಯಾರೂ ಅವಗ ನೀ ಯಾರು ಅಂತ ಕೇಳಲಿಲ್ಲ. ಕೇಳಿದ್ದು ನನಗ. ಮೂಲ್ಯಾಗ ಕುಂತಿದ್ದ ಆಕಿ ಅತ್ತಿ, ಕಣ್ಣು ಮಂಜಾದ ಮುದುಕಿ, “ತುಮೆ ಕೌನ್ ಮಾ?” ಅಂತ ನನ್ನ ಕೈ ಹಿಡಿದಳು.

ಏನಂತ ಹೇಳ್ಲಿ? ಗೆಳತಿ ಅನ್ನಲೇನು, ಸುಳ್ಳು. ಪರಿಚಯ ಅದ ಅನ್ನಲೇನು, ಅದೂ ಸುಳ್ಳು. “ನಾ... ಇವರ ತಮ್ಮನ ಅಕ್ಕ” ಅಂದೆ. ಮುದುಕಿಗೆ ಏನ್ ತಿಳೀತೋ, ಬಾಜೂಕ ಸರಿದು ಜಾಗಾ ಕೊಟ್ಟಳು.

ಹೊಳ್ಳಿ ಬರುವಾಗ ಬಸ್ಸಿನಾಗ ತಮ್ಮ ಕಿಟಕಿಗೆ ತಲಿ ಹಚ್ಚಿ ಅತ್ತ. ಅವ್ವ ಸತ್ತಾಗ ಸಣ್ಣಾಂವ, ಅಳು ತಿಳೀತಿರಲಿಲ್ಲ. ಆಮ್ಯಾಲ ದೊಡ್ಡಾಂವ ಆಗಿ ನನ್ನ ಮುಂದ ಅತ್ತದ್ದನ್ನ ನಾ ನೋಡಿಲ್ಲ. ಹೆಗಲ ಮ್ಯಾಲ ಕೈ ಹಾಕಿ ಕೂತೆ. ಕೂತಾಕಿ ಏನ್ ವಿಚಾರ ಮಾಡಿದೆ ಹೇಳ್ಲೇನು? ನಾ ಸತ್ರ ಇವ ಇಷ್ಟು ಅಳ್ತಾನೇನು? ಶಿವಾ ಶಿವಾ, ಖರೇನ ಇದನ್ನ ವಿಚಾರ ಮಾಡಿದೆ. “ನಿನ್ನ ಜೋಡಿ ಸೋತ್ರ ನೀ ಜಗಳ ಆಡ್ತಿದ್ದಿ ಅಕ್ಕ. ಆಪಾ ಜೋಡಿ ಸೋತ್ರ ನಗಸ್ತಿದ್ದಳು” ಅಂದ ಅವ, ಕಿಟಕಿ ಹೊರಗ ನೋಡಕೋತ. ಬೈದದ್ದಲ್ಲ, ಸುಮ್ಮನ ಅಂದದ್ದು. ನಾ ಟಿಕೀಟು ಮಡಚಿ ಮಡಚಿ ಸಣ್ಣದು ಮಾಡಿದೆ.

ಈಗ ಕಣದಾಗ ಐತವಾರನೂ ತೊಗರಿ ಒಣಗತಾವ. ತಮ್ಮ ಗಾಡಿ ಮುಟ್ಟಿಲ್ಲ. ಹೆಂಡ್ತಿ ತೌರಮನಿಗೆ ಹೋದಾಗ ನನ್ನ ಹತ್ರ ಉಣ್ಣಾಕ ಬರ್ತಾನ. ಹೋದ ಐತವಾರನೂ ಬಂದಿದ್ದ. ಬದನಿಕಾಯಿ ಪಲ್ಯ, ಜ್ವಾಳದ ರೊಟ್ಟಿ, ಅನ್ನ, ಸಾರು. ಮೊಬೈಲಿನಾಗ ಏನೋ ನೋಡಕೋತ ತಲಿ ಎತ್ತದ, “ಆಪಾ, ಇನ್ನೊಂಚೂರು ಅನ್ನ ಹಾಕು” ಅಂದ.

ನನ್ನ ಕೈಯಾಗ ಸೌಟು ಹಂಗ ನಿಂತುಬಿಡ್ತು. ತಾ ಅಂದದ್ದು ಅವಗ ಕೇಳಿಸಿಲ್ಲ. ನಾ ಅನ್ನ ಹಾಕಿದೆ, ಮ್ಯಾಲ ಒಂದು ಸೌಟು ಸಾರು ಸುರುವಿದೆ. “ಇನ್ನೂ ಬೇಕೇನೋ?” ಅಂತ ಕೇಳಿದೆ.

“ಸಾಕು ಅಕ್ಕ” ಅಂದ.

ಎರಡೂ ಶಬ್ದ ಒಂದ ದನಿಯಿಂದ ಬಂದ್ವು. ಒಂದು ಕೂದಲೆಳಿಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಒಳಗ ಹೋಗಿ ಗಡಗಿ ಮುಚ್ಚಿದೆ... ಆಕಿ ಇರಬೇಕಾಗಿತ್ತು. ಇದ್ದಿದ್ರ ಇದನ್ನ ಕೇಳಿಸಿಕೊಂಡು, ಪಾನ್ ಬಾಯಿಲೆ ಹಾ ಹಾ ಅಂತ ನಕ್ಕು, ನನ್ನ ಹೊಟ್ಟಿ ಇನ್ನಷ್ಟು ಉರಸ್ತಿದ್ದಳು.